ಸೈಟು ಅವರಿಗೆ, ಸ್ಲಮ್ಮು ನಮಗೆ

ಹಾಸ್ಟೆಲಿನ ಕಡೇ ದಿನ ಹೇಗಿರುತ್ತೆ ಅನ್ನೋದು ನಮಗೆಲ್ಲ ಗೊತ್ತು. ಪರೀಕ್ಷೆ ಮುಗಿದ ವಾರಕ್ಕೆ ನೋಟೀಸ್ ಬೋರ್ಡಿನ ಮೇಲೆ ಚೀಟಿ ಬೀಳುತ್ತೆ. ಟ್ರಂಕು, ಚಾಪೆ, ಪುಸ್ತಕದ ಗಂಟು ಹೊತ್ತುಕೊಂಡು ಗೇಟಿನ ಹೊರಗೆ ನಿಲ್ಲುತ್ತೇವೆ. ಊರಿಗೆ ವಾಪಸು ಹೋದರೆ ಅದೇ ಕೇರಿ, ಅದೇ ಕೂಲಿ. ಇಲ್ಲೇ ಉಳಿದು ಒಂದು ಕೆಲಸ ನೋಡೋಣ ಅಂದರೆ ತಲೆ ಮೇಲೊಂದು ಸೂರು ಬೇಕು. ಪದವಿ ಕೊಟ್ಟ ನಗರ ಸೂರು ಕೊಡುತ್ತದೆಯೆ?

ನಮ್ಮಲ್ಲಿ ಮೂವರು ಕೂಡಿಕೊಂಡು ಬೆಂಗಳೂರಿನಲ್ಲಿ ಒಂದು ಕೋಣೆ ಹುಡುಕಿದೆವು. 'ಮನೆ ಬಾಡಿಗೆಗೆ ಇದೆ' ಅಂತ ಬೋರ್ಡು ಕಂಡ ಮೆಟ್ಟಿಲನ್ನೆಲ್ಲ ಹತ್ತಿದೆವು. ಒಂದು ಮನೆಯಲ್ಲಿ ಆಕೆ ಒಳ್ಳೆಯವರೇ. ಕುಡಿಯಲು ನೀರು ಕೊಟ್ಟರು. ಬಾಡಿಗೆ ಇಷ್ಟು, ಅಡ್ವಾನ್ಸು ಇಷ್ಟು, ನೀರು ದಿನ ಬಿಟ್ಟು ದಿನ ಅಂತೆಲ್ಲ ಹೇಳಿದರು. ಕಡೆಗೆ, "ತಪ್ಪು ತಿಳ್ಕೋಬೇಡಿ, ನೀವು ಯಾವ ಪೈಕಿ?" ಅಂದರು. ನಮ್ಮಲ್ಲೊಬ್ಬ ಮುಚ್ಚುಮರೆಯಿಲ್ಲದೆ ಹೇಳಿದ. "ಅಯ್ಯೋ, ನಮ್ಮ ಯಜಮಾನ್ರು ನೆನ್ನೆನೇ ಯಾರಿಗೋ ಮಾತು ಕೊಟ್ಬಿಟ್ಟಿದಾರಂತೆ, ಮರೆತೇ ಹೋಗಿತ್ತು ನೋಡಿ" ಅಂದರು ಆಕೆ. ಹದಿನೈದು ದಿನ ಬಿಟ್ಟು ಅದೇ ಬೀದಿಯಲ್ಲಿ ಹಾದಾಗಲೂ ಬೋರ್ಡು ಅಲ್ಲೇ ನೇತಾಡುತ್ತಿತ್ತು. ಮಾತು ಕೊಟ್ಟಿದ್ದು ಯಾರಿಗೆ? ಮನುವಿಗೆ.

ಅದೇ ತಿಂಗಳು ನಾವು ಒಂದು ವಿಚಾರಗೋಷ್ಠಿಗೆ ಹೋಗಿದ್ದೆವು. ನಗರದ ವಸತಿ ಭೂಮಿ ಎಷ್ಟಿದೆ, ಮುಂದೆ ಮನೆಗಳಿಗೆ ಬೇಡಿಕೆ ಎಷ್ಟಾಗುತ್ತದೆ ಅನ್ನೋದು ವಿಷಯ. ತಜ್ಞರು ಗೆರೆ ಎಳೆದ ಚಿತ್ರಗಳನ್ನು ತೋರಿಸಿದರು. ಒಂದು ಗೆರೆ ಮೇಲಕ್ಕೆ ಹೋಗುತ್ತೆ, ಅದು ಬೇಡಿಕೆ. ಇನ್ನೊಂದು ಅದರ ಕೆಳಗೆ ತೆವಳುತ್ತೆ, ಅದು ಭೂಮಿ. ನಡುವಿನ ಅಂತರ ತುಂಬಬೇಕಾದರೆ ಇನ್ನಷ್ಟು ಹಳ್ಳಿಗಳ ಜಮೀನು ಬೇಕು, ಕಾನೂನು ಸಡಿಲ ಆಗಬೇಕು, ಕಟ್ಟಡ ಇನ್ನೂ ಎತ್ತರಕ್ಕೆ ಏಳಬೇಕು ಅಂದರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ನಮಗೆ ಒಂದೇ ಅನುಮಾನ. ಆ ಮೇಲಕ್ಕೆ ಹೋಗುವ ಗೆರೆಯಲ್ಲಿ ನಾವಿದ್ದೇವಾ? ಬೋರ್ಡು ನೇತಾಡುತ್ತಿದ್ದ ಮನೆಯ ಮೆಟ್ಟಿಲಿಳಿದು ಬಂದ ಮೂವರು ಆ ಲೆಕ್ಕದಲ್ಲಿ ಎಲ್ಲಿದ್ದಾರೆ?

ಎಲ್ಲೂ ಇಲ್ಲ. ಯಾಕೆ ಅಂತ ಈ ಪುಟಗಳಲ್ಲಿ ಹೇಳುತ್ತೇವೆ.

ಬೇಡಿಕೆ ಅಂದರೆ ಏನು?

ನಮ್ಮ ಅವ್ವ ಅಪ್ಪಂದಿರಿಗೆ ಬೇಡುವುದು ಹೊಸದಲ್ಲ. ಗೌಡರ ಜಗಲಿ ಕೆಳಗೆ ನಿಂತು ಕಾಳು ಬೇಡಿದ್ದಾರೆ, ಕೂಲಿ ಬೇಡಿದ್ದಾರೆ, ಹೆಣ ಹೂಳಲು ಜಾಗ ಬೇಡಿದ್ದಾರೆ. ಬೇಡುವುದರಿಂದ 'ಬೇಡಿಕೆ' ಆಗುವುದಾದರೆ ಈ ನಾಡಿನ ಅತಿ ದೊಡ್ಡ ಬೇಡಿಕೆ ನಮ್ಮದೇ. ಆದರೆ ಅರ್ಥಶಾಸ್ತ್ರದ ನಿಘಂಟೇ ಬೇರೆ. ಅಲ್ಲಿ ಜೇಬಿನಲ್ಲಿ ಕಾಸಿಟ್ಟುಕೊಂಡು ಕೇಳಿದರೆ ಮಾತ್ರ ಬೇಡಿಕೆ. ಕಾಸಿಲ್ಲದವನು ಮಳೆಯಲ್ಲಿ ನೆನೆಯುತ್ತಾ ಕೇಳಿದರೆ ಅದು ಬೇಡಿಕೆಯಲ್ಲ, ಗಲಾಟೆ.

ಹೀಗಾಗಿ ಈಗಾಗಲೇ ಎರಡು ಫ್ಲಾಟು ಇಟ್ಟುಕೊಂಡವನು ಮೂರನೆಯದನ್ನು ಕೊಂಡು ಬೀಗ ಹಾಕಿದರೆ ಅದು ಬೇಡಿಕೆಯ ಲೆಕ್ಕಕ್ಕೆ ಬರುತ್ತೆ. ಬೀದಿ ಗುಡಿಸುವ ತಾಯಿ ಹತ್ತಕ್ಕೆ ಹತ್ತರ ಕೋಣೆಯಲ್ಲಿ ಆರು ಜನರ ಜತೆ ಮಲಗಿದರೆ ಅದು ಬರುವುದಿಲ್ಲ. ಅಗತ್ಯ ಬೇರೆ, ಬೇಡಿಕೆ ಬೇರೆ. ಈ ವ್ಯತ್ಯಾಸವನ್ನು ಬಚ್ಚಿಟ್ಟು ಎಳೆದ ಗೆರೆ ಎಷ್ಟು ನೇರವಾಗಿದ್ದರೂ ಸೊಟ್ಟ ಗೆರೆಯೇ.

ಇದು ನಮ್ಮ ಹೊಟ್ಟೆಯುರಿಯ ಮಾತಲ್ಲ. ಕೇಂದ್ರ ಸರಕಾರವೇ ನೇಮಿಸಿದ್ದ, ಅಮಿತಾಭ್ ಕುಂಡು ಅಧ್ಯಕ್ಷರಾಗಿದ್ದ ತಾಂತ್ರಿಕ ತಂಡ 2012ರಲ್ಲಿ ಲೆಕ್ಕ ಕೊಟ್ಟಿತು. ದೇಶದ ನಗರಗಳಲ್ಲಿ ಮನೆಗಳ ಕೊರತೆ 1 ಕೋಟಿ 87 ಲಕ್ಷಕ್ಕೂ ಹೆಚ್ಚು. ಕರ್ನಾಟಕದ ನಗರಗಳ ಪಾಲು ಸುಮಾರು 10 ಲಕ್ಷ. ಈ ಕೊರತೆಯಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಪಾಲು ಕಡುಬಡವರದು ಮತ್ತು ಕಡಿಮೆ ಆದಾಯದವರದು. ಮಧ್ಯಮ ವರ್ಗ ಮತ್ತು ಅದಕ್ಕೂ ಮೇಲಿನವರದೆಲ್ಲ ಸೇರಿ ನೂರಕ್ಕೆ 5ರೊಳಗೆ. ಇನ್ನೊಂದು ಕಡೆ 2011ರ ಜನಗಣತಿ ನೋಡಿ. ದೇಶದ ನಗರಗಳಲ್ಲಿ ಖಾಲಿ ಬಿದ್ದ ಮನೆಗಳು 1 ಕೋಟಿ 10 ಲಕ್ಷ!

ಒಂದು ಕಡೆ ಮನೆಯಿಲ್ಲದ ಜನ, ಇನ್ನೊಂದು ಕಡೆ ಜನರಿಲ್ಲದ ಮನೆ. ಇದಕ್ಕೆ 'ಭೂಮಿ ಪೂರೈಕೆಯ ಸಮಸ್ಯೆ' ಅಂತ ಹೆಸರಿಡುವುದು ಬೂಟಾಟಿಕೆ. ಇದು ಹಂಚಿಕೆಯ ಸಮಸ್ಯೆ. ಹಂಚಿಕೆಯ ಸಮಸ್ಯೆ ಅಂದರೆ ಈ ದೇಶದಲ್ಲಿ ಜಾತಿಯ ಸಮಸ್ಯೆ.

ಊರು ಬೆಳೆದದ್ದು ಯಾರ ಮೇಲೆ?

ಬೆಂಗಳೂರು ಬೆಳೆದಿದೆ, ಅದರಲ್ಲಿ ಸುಳ್ಳಿಲ್ಲ. 1971ರಲ್ಲಿ 16.5 ಲಕ್ಷ ಜನ. 1981ಕ್ಕೆ 29 ಲಕ್ಷ. 1991ಕ್ಕೆ 41 ಲಕ್ಷ, 2001ಕ್ಕೆ 57 ಲಕ್ಷ, 2011ಕ್ಕೆ ಸುಮಾರು 85 ಲಕ್ಷ. 2021ರಲ್ಲಿ ಎಣಿಸಬೇಕಾಗಿದ್ದ ತಲೆಗಳನ್ನು ಎಣಿಸಲೇ ಇಲ್ಲ. 2017ರಲ್ಲಿ ಹೊರಬಂದು ಆಮೇಲೆ ವಾಪಸಾದ ಕರಡು ಮಹಾಯೋಜನೆ 2031ಕ್ಕೆ 2 ಕೋಟಿ ದಾಟುತ್ತದೆ ಅಂತ ಅಂದಾಜು ಮಾಡಿತ್ತು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಒಂದೇ ಏಟಿಗೆ ನಗರಕ್ಕೆ ಸೇರಿಸಿದರು. 2025ರಲ್ಲಿ ಅದನ್ನೇ ಐದು ಪಾಲಿಕೆ ಮಾಡಿದರು. ಬೋರ್ಡು ಬದಲಾಯಿತು. ಬೋರ್ಡಿನ ಕೆಳಗೆ ಗುಡಿಸುವ ಕೈ ಬದಲಾಗಲಿಲ್ಲ.

ಈ 110 ಹಳ್ಳಿಗಳೂ ಹಳ್ಳಿಗಳೇ. ಅಂದರೆ ಪ್ರತಿ ಹಳ್ಳಿಗೂ ಒಂದು ಕೇರಿ ಇತ್ತು. ಊರಿನ ಕೆರೆಗೆ ಒಬ್ಬ ನೀರಗಂಟಿ ಇದ್ದ. ತೂಬು ಎತ್ತುವುದು, ಗದ್ದೆಗದ್ದೆಗೆ ನೀರು ಹಾಯಿಸುವುದು ಅವನ ಕೆಲಸ. ತೋಟಿ ಇದ್ದ, ತಳವಾರ ಇದ್ದ. ಅವರ ಚಾಕರಿಗೆ ಅಷ್ಟಿಷ್ಟು ಇನಾಮು ಜಮೀನಿತ್ತು. ಕೆರೆ ಹೂತು ಬಸ್ ಸ್ಟ್ಯಾಂಡು ಮಾಡಿದರು, ಸ್ಟೇಡಿಯಂ ಮಾಡಿದರು. ಮೆಜೆಸ್ಟಿಕ್ಕಿನಲ್ಲಿ ನಾವು ಬಸ್ಸಿಳಿಯುವ ನೆಲ ಧರ್ಮಾಂಬುಧಿ ಕೆರೆ. ಕಂಠೀರವ ಸ್ಟೇಡಿಯಂ ಸಂಪಂಗಿ ಕೆರೆ. ಕೆರೆ ಹೋದ ಮೇಲೆ ನೀರಗಂಟಿ ಯಾಕೆ? ಅವನ ಇನಾಮು ಯಾಕೆ? ಅವನ ಮಕ್ಕಳು ಅದೇ ನೆಲದ ಮೇಲೆ ಎದ್ದ ಕಟ್ಟಡಕ್ಕೆ ಕಲ್ಲು ಹೊತ್ತರು, ಕಟ್ಟಡ ಎದ್ದ ಮೇಲೆ ಅದರ ಕಕ್ಕಸು ತೊಳೆದರು. ಇದನ್ನೇ ನಗರೀಕರಣ ಅಂತಾರೆ.

ಊರ ಹೊರಗೆ ಕೇರಿ ಕಟ್ಟಿದ ಬುದ್ಧಿ ಪ್ಲಾನು ಬರೆಯುವಾಗಲೂ ಕೆಲಸ ಮಾಡಿದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಗಾಳಿ ಬೆಳಕಿನ ಹೊಸ ಬಡಾವಣೆ ಬೇಕು ಅಂತ ಬಸವನಗುಡಿ, ಮಲ್ಲೇಶ್ವರ ಎದ್ದವು. ಅಗಲ ರಸ್ತೆ, ಚರಂಡಿ, ಮರದ ನೆರಳು. ಸೈಟು ಹಂಚುವಾಗ ಮಾತ್ರ ಜಾತಿ ನೋಡಿ ಭಾಗ ಮಾಡಿದರು. ಪ್ಲೇಗಿನ ಇಲಿಗೆ ಜಾತಿ ಇರಲಿಲ್ಲ. ಪ್ಲೇಗಿಗೆ ಹೆದರಿ ಬರೆದ ನಕ್ಷೆಗೆ ಇತ್ತು.

ಜಾಗ ಇಲ್ಲವಂತೆ!

"ಜಾಗ ಎಲ್ಲಿದೆ ಸ್ವಾಮಿ?" ಇದು ಕಚೇರಿಗಳಲ್ಲಿ ನಮ್ಮವರಿಗೆ ಸಿಗುವ ಉತ್ತರ. ಇರಲಿ, ಜಾಗ ಎಲ್ಲಿದೆ ಅಂತ ನಾವೇ ಹುಡುಕೋಣ.

ವಿಧಾನಮಂಡಲದ್ದೇ ಜಂಟಿ ಸದನ ಸಮಿತಿಯೊಂದು ಎ.ಟಿ. ರಾಮಸ್ವಾಮಿಯವರ ಅಧ್ಯಕ್ಷತೆಯಲ್ಲಿ 2007ರಲ್ಲಿ ವರದಿ ಕೊಟ್ಟಿತು. ಬೆಂಗಳೂರು ನಗರ ಜಿಲ್ಲೆಯಲ್ಲಿ ಒತ್ತುವರಿಯಾದ ಸರಕಾರಿ ಭೂಮಿ 27 ಸಾವಿರ ಎಕರೆಗೂ ಹೆಚ್ಚು ಅಂತ ಅದು ಕಂಡಿತು. ಹಾಸ್ಟೆಲಿನಲ್ಲಿ ಕೂತು ನಾವೊಂದು ಗುಣಾಕಾರ ಮಾಡಿದೆವು. ನೀವೂ ಮಾಡಿ. ಒಂದು ಎಕರೆಗೆ 43,560 ಚದರಡಿ. 27 ಸಾವಿರ ಎಕರೆಯಲ್ಲಿ ಅರ್ಧ ರಸ್ತೆ, ಪಾರ್ಕು, ಶಾಲೆ ಅಂತ ಬಿಟ್ಟುಬಿಡಿ. ಉಳಿದ ಅರ್ಧದಲ್ಲಿ 20x30ರ ಸೈಟು ಎಷ್ಟು? ಸುಮಾರು 9 ಲಕ್ಷ 80 ಸಾವಿರ. 2012ರಲ್ಲಿ ಇಡೀ ಕರ್ನಾಟಕದ ನಗರಗಳಿಗೆ ಹೇಳಿದ ಕೊರತೆಯ ಹತ್ತಿರ ಹತ್ತಿರ!

ಈ ಲೆಕ್ಕವನ್ನು ಹಾಗೆಹಾಗೇ ನುಂಗಬೇಡಿ ಅಂತ ನಾವೇ ಹೇಳುತ್ತೇವೆ. ಆ ಒತ್ತುವರಿಯಲ್ಲಿ ಕೆರೆಯಂಗಳ ಇದೆ, ಕಾಡಿದೆ, ಅಲ್ಲೆಲ್ಲ ಮನೆ ಕಟ್ಟಬಾರದು. ಬಡವರ ಗುಡಿಸಲೂ ಇವೆ, ಅವನ್ನು ಕೀಳಬಾರದು. ಅದಕ್ಕೇ ಕಾಲು ಭಾಗ ಮಾತ್ರ ಹಿಡಿಯಿರಿ. ಆಗಲೂ 2 ಲಕ್ಷ 45 ಸಾವಿರ ಕುಟುಂಬಕ್ಕೆ ಸೈಟಾಗುತ್ತೆ. ಜಾಗ ಇದೆ. ಅದರ ಮೇಲೆ ಕೂತಿರುವ ಅಂಡು ದೊಡ್ಡದು, ಅಷ್ಟೆ.

ಇನ್ನೊಂದು ಕಥೆ ಕೇಳಿ. 1976ರಲ್ಲಿ ನಗರ ಭೂಮಿತಿ ಕಾಯ್ದೆ ಬಂತು. ಬೆಂಗಳೂರಿನಂಥ ಊರಲ್ಲಿ ಒಬ್ಬನ ಬಳಿ 1,000 ಚದರ ಮೀಟರಿಗಿಂತ ಹೆಚ್ಚು ಖಾಲಿ ಜಾಗ ಇರಬಾರದು, ಹೆಚ್ಚಿನದು ಸರಕಾರಕ್ಕೆ ಬಂದು ಜನಕ್ಕೆ ಹೋಗಬೇಕು. ಹಾಳೆಯ ಮೇಲೆ ಎಷ್ಟು ಚೆನ್ನ! ಆದರೆ ಆ ಕಾಯ್ದೆಯೊಳಗೇ ವಿನಾಯಿತಿಯ ಕಿಂಡಿ ಇಟ್ಟಿದ್ದರು. ಆ ಕಿಂಡಿಯಿಂದ ಆನೆಗಳೇ ತೂರಿಹೋದವು. 1999ರಲ್ಲಿ 'ಈ ಕಾಯ್ದೆಯಿಂದ ಭೂಮಿ ಪೂರೈಕೆಗೆ ಅಡ್ಡಿ' ಅಂತ ಕಾಯ್ದೆಯನ್ನೇ ರದ್ದು ಮಾಡಿದರು. ರದ್ದಾದ ಮೇಲೆ ಭೂಮಿ ಅಗ್ಗವಾಯಿತೆ? ನಮ್ಮವರಿಗೆ ಸಿಕ್ಕಿತೆ? 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ಕಿತ್ತರು. ವ್ಯವಸಾಯ ಮಾಡದವನೂ, ದೊಡ್ಡ ಆದಾಯದವನೂ ಈಗ ನೇಗಿಲು ಮುಟ್ಟದೆ ಹೊಲ ಕೊಳ್ಳಬಹುದು. 1974ರಲ್ಲಿ 'ಉಳುವವನೇ ಹೊಲದೊಡೆಯ' ಅಂದ ಸರಕಾರಿ ಕುರ್ಚಿಯೇ 2020ರಲ್ಲಿ 'ಕೊಳ್ಳುವವನೇ ಹೊಲದೊಡೆಯ' ಅಂತು. ಪ್ರತಿ ಸಲವೂ ಹೇಳೋದು ಪೂರೈಕೆ ಹೆಚ್ಚಲಿ ಅಂತ. ಹೆಚ್ಚೋದು ರೇಟು.

ನಮ್ಮ ಜಮೀನು ಸೈಟಾಗುವ ದಾರಿ

ಗೋಮಾಳದಲ್ಲಿ, ಬಂಜರಿನಲ್ಲಿ ದರಖಾಸ್ತು ಮೂಲಕ ನಮ್ಮ ತಾತಂದಿರಿಗೆ ಒಂದೆಕರೆ ಎರಡೆಕರೆ ಮಂಜೂರಾಗಿತ್ತು. ಸಾಗುವಳಿ ಚೀಟಿ ಟ್ರಂಕಿನಲ್ಲಿ ಇತ್ತು, ಓದುವವರು ಇರಲಿಲ್ಲ. ನಗರ ಹತ್ತಿರ ಬಂದಾಗ ಮೊದಲು ಬರುವವನು ದಲ್ಲಾಳಿ. ಮಗಳ ಮದುವೆಗೆ ಸಾಲ ಕೊಡುತ್ತಾನೆ. ಆಸ್ಪತ್ರೆಗೆ ಕೊಡುತ್ತಾನೆ. ಸಾರಾಯಿಗೂ ಕೊಡುತ್ತಾನೆ. ಒಂದು ದಿನ ಹೆಬ್ಬೆಟ್ಟು ಒತ್ತಿಸುತ್ತಾನೆ. ಕ್ರಯ ಅಲ್ಲ, ಜಿ.ಪಿ.ಎ. ಅಂತಾನೆ. ವರ್ಷ ತುಂಬುವುದರೊಳಗೆ ಅಲ್ಲಿ ಸುಣ್ಣದ ಗೆರೆ ಬೀಳುತ್ತೆ, ಕಲ್ಲು ನೆಡುತ್ತಾರೆ, ದೇವರ ಹೆಸರಿನ ಕಮಾನು ಏಳುತ್ತೆ. ಎಕರೆ ಲೆಕ್ಕದಲ್ಲಿ ಕೊಂಡದ್ದನ್ನು ಚದರಡಿ ಲೆಕ್ಕದಲ್ಲಿ ಮಾರುತ್ತಾರೆ. ಎಕರೆಗೂ ಚದರಡಿಗೂ ನಡುವೆ ಇರುವ ಲಾಭವೇ ಈ ನಗರದ ಬಂಡವಾಳ.

ಇದನ್ನು ತಡೆಯಲೆಂದೇ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಇದೆ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರಕಾರದ ಅನುಮತಿಯಿಲ್ಲದೆ ಪರಭಾರೆ ಮಾಡುವಂತಿಲ್ಲ, ಮಾಡಿದರೆ ಅದು ಅಸಿಂಧು, ಜಮೀನು ಮೂಲ ಮಂಜೂರುದಾರನಿಗೆ ಅಥವಾ ಅವನ ವಾರಸುದಾರರಿಗೆ ವಾಪಸು ಬರಬೇಕು. ಕಾಯ್ದೆಯಲ್ಲಿ ಕಾಲಮಿತಿ ಅಂತ ಬರೆದಿರಲಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟು, ಕಾಲಮಿತಿ ಬರೆಯದಿದ್ದರೂ ಸಮಂಜಸ ಅವಧಿಯೊಳಗೆ ಅರ್ಜಿ ಹಾಕಬೇಕು ಅಂತ ಹೇಳಿತು. ಓದು ಬಾರದವನು, ಕಾಯ್ದೆ ಇದೆಯೆಂದೇ ತಿಳಿಯದವನು ಸಮಂಜಸ ಅವಧಿಯೊಳಗೆ ಎಲ್ಲಿಂದ ಬರಬೇಕು? ತಡವಾಯಿತು ಅಂತ ಅರ್ಜಿಗಳು ಬಿದ್ದುಹೋದವು. ಹೋರಾಟ ನಡೆಯಿತು. 2023ರಲ್ಲಿ ವಿಧಾನಮಂಡಲ ತಿದ್ದುಪಡಿ ತಂದು ಕಾಲಮಿತಿ ಇಲ್ಲ ಅಂತ ಬರೆಯಿತು. ಇದು ಯಾರೂ ಭಿಕ್ಷೆ ಹಾಕಿದ್ದಲ್ಲ, ಬೀದಿಯಲ್ಲಿ ಕೂತು ಪಡೆದದ್ದು.

ಮಂಜೂರಾಗದೆ ಬಗರ್ ಹುಕುಂ ಉಳುಮೆ ಮಾಡಿದವರ ಗತಿ ಇನ್ನೂ ವಿಚಿತ್ರ. ಬೆಂಗಳೂರು ಮಹಾನಗರದ ಗಡಿಯಿಂದ 18 ಕಿಲೋಮೀಟರಿನೊಳಗೆ ಸಕ್ರಮ ಇಲ್ಲ. ನಗರ ಬೆಳೆದಂತೆ ಆ ಗಡಿಯೂ ಮುಂದೆ ಸರಿಯುತ್ತೆ. ನಾವು ಉತ್ತ ನೆಲ ಇದ್ದಲ್ಲೇ ಇದ್ದರೂ ಅಕ್ರಮವಾಗುತ್ತೆ! ಅದೇ ಹೊತ್ತಿಗೆ ಪ್ಲಾನು ಮೀರಿ ಮಹಡಿ ಎಬ್ಬಿಸಿದವನಿಗೆ ದಂಡ ಕಟ್ಟಿಸಿಕೊಂಡು ಸಕ್ರಮ ಮಾಡಿಕೊಡೋಣ ಅಂತ ಸರಕಾರಗಳು ಮೇಲಿಂದ ಮೇಲೆ ಹೊರಡುತ್ತವೆ. ಉತ್ತವನ ಅಕ್ರಮ ಪಾಪ, ಕಟ್ಟಿದವನ ಅಕ್ರಮ ವರಮಾನ.

ಇನ್ನು ಸರಕಾರವೇ ಮಾಡುವ ಬಡಾವಣೆ. 1945ರಲ್ಲಿ ಸಿ.ಐ.ಟಿ.ಬಿ. ಬಂತು, 1976ರಲ್ಲಿ ಅದರ ಜಾಗಕ್ಕೆ ಬಿ.ಡಿ.ಎ. ಬಂತು. ಅರ್ಕಾವತಿ ಬಡಾವಣೆಗೆ 2004ರಲ್ಲಿ 16 ಹಳ್ಳಿಗಳ 2,750 ಎಕರೆಗೆ ಕೊನೇ ಅಧಿಸೂಚನೆಯಾಯಿತು. ಶಿವರಾಮ ಕಾರಂತ ಬಡಾವಣೆಗೆ 2008ರಲ್ಲಿ 17 ಹಳ್ಳಿಗಳ 3,546 ಎಕರೆ ಗುರುತಾಯಿತು, ಹತ್ತು ವರ್ಷ ಕೋರ್ಟಿನಲ್ಲಿ ಎಳೆದಾಡಿ 2018ರಲ್ಲಿ ಸುಪ್ರೀಂ ಕೋರ್ಟು ಮುಂದುವರಿಸಿ ಅಂದಿತು. ಈ ನಡುವೆ ಡಿನೋಟಿಫಿಕೇಶನ್ ಅನ್ನೋ ಪದ ಕರ್ನಾಟಕದ ಸಣ್ಣ ಮಕ್ಕಳಿಗೂ ಬಾಯಿಪಾಠ ಆಯಿತು. ಕೈಯಿದ್ದವನ ಸರ್ವೆ ನಂಬರು ಬಿಟ್ಟುಹೋಗುತ್ತೆ, ಕೈಯಿಲ್ಲದವನದು ಉಳಿಯುತ್ತೆ.

ಜಮೀನಿದ್ದವನಿಗೆ ಪರಿಹಾರ ಉಂಟು, ಕೆಲವು ಕಡೆ ಅಭಿವೃದ್ಧಿ ಮಾಡಿದ ಜಾಗದಲ್ಲಿ ಪಾಲೂ ಉಂಟು. ಆ ಜಮೀನಿನಲ್ಲಿ ತಲೆಮಾರಿನಿಂದ ಕಳೆ ಕಿತ್ತ, ನಾಟಿ ಹಾಕಿದ ಕೂಲಿಗೆ? ಸೊನ್ನೆ. 2013ರ ಭೂಸ್ವಾಧೀನ ಕಾಯ್ದೆ ಮೊದಲ ಸಲ ಕೂಲಿಕಾರನ ಕುಟುಂಬವನ್ನೂ ಸಂತ್ರಸ್ತ ಅಂತ ಒಪ್ಪಿತು. ಆದರೆ ಬಿ.ಡಿ.ಎ. ಸ್ವಾಧೀನಕ್ಕೆ ಆ ಕಾಯ್ದೆ ಅನ್ವಯಿಸೋದಿಲ್ಲ ಅಂತ 2022ರಲ್ಲಿ ಸುಪ್ರೀಂ ಕೋರ್ಟು ಹೇಳಿಬಿಟ್ಟಿತು. ಅಂದರೆ ಬೆಂಗಳೂರಿನ ಹೊಲದ ಕೂಲಿ ಇನ್ನೂ 1894ರ ಬ್ರಿಟಿಷ್ ಕಾಯ್ದೆಯ ಕಾಲದಲ್ಲೇ ಬದುಕಬೇಕು.

'ಸಹಕಾರ' ಅನ್ನೋ ಒಳ್ಳೆಯ ಪದವನ್ನೂ ಬಿಡಲಿಲ್ಲ. ಗೃಹ ನಿರ್ಮಾಣ ಸಹಕಾರ ಸಂಘಗಳ ಹೆಸರಲ್ಲಿ ಸರಕಾರವೇ ರೈತರ ಜಮೀನು ಕಿತ್ತುಕೊಟ್ಟಿತು. 'ಸಾರ್ವಜನಿಕ ಉದ್ದೇಶ' ಅಂತ ಬರೆಯಿತು. ಎಚ್.ಎಂ.ಟಿ. ನೌಕರರ ಸಂಘದ ಮೊಕದ್ದಮೆಯಲ್ಲಿ 1995ರಲ್ಲಿ ಸುಪ್ರೀಂ ಕೋರ್ಟು, ಮಧ್ಯವರ್ತಿಗೆ ಹಣ ಕೊಟ್ಟು ಮಾಡಿಸಿದ ಸ್ವಾಧೀನ ಸಾರ್ವಜನಿಕ ಉದ್ದೇಶವಲ್ಲ ಅಂತ ತಳ್ಳಿಹಾಕಿತು. ಸಾರ್ವಜನಿಕ ಅಂದರೆ ಯಾರು ಅಂತ ಕೇಳಬೇಕಾದ್ದೇ ಹೌದು. ಊರ ಬಾವಿಯೂ ಸಾರ್ವಜನಿಕ ಅಂತಲೇ ಹೇಳುತ್ತಿದ್ದರು.

ಒಂದೇ ಕೆರೆ, ಎರಡು ನ್ಯಾಯ

ಕೋರಮಂಗಲಕ್ಕೆ ಹೋಗಿ ನೋಡಿ ಬನ್ನಿ. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಆಟಗಾರರು ತಂಗಲಿ ಅಂತ ಕೆರೆಯಂಗಳದಲ್ಲಿ ಫ್ಲಾಟುಗಳನ್ನು ಎಬ್ಬಿಸಿದರು. ಆಟ ಮುಗಿಯಿತು, ಫ್ಲಾಟು ಕೊಳ್ಳಬಲ್ಲವರ ಕೈ ಸೇರಿತು. ಅಲ್ಲಿಂದ ಕೂಗಳತೆ ದೂರದಲ್ಲಿ ಈಜಿಪುರ. ಬಡವರಿಗೆ ಅಂತ ಸರಕಾರವೇ ಕಟ್ಟಿಸಿದ್ದ ಮನೆಗಳಿದ್ದವು. ಕಟ್ಟಿದ ಕಳಪೆಗೆ 2007ರಲ್ಲಿ ಕಟ್ಟಡವೇ ಕುಸಿಯಿತು. ಮತ್ತೆ ಕಟ್ಟಿಕೊಡುವ ಬದಲು ಖಾಸಗಿ ಕಂಪನಿಯ ಜತೆ ಒಪ್ಪಂದವಾಯಿತು. ಸುಮಾರು 15 ಎಕರೆಯಲ್ಲಿ ಅರ್ಧ ಬಡವರಿಗೆ, ಅರ್ಧ ಮಾಲಿಗೆ. 2013ರ ಜನವರಿ ಚಳಿಯಲ್ಲಿ ಬುಲ್ಡೋಜರು ಬಂತು. ದಲಿತರು, ಮುಸ್ಲಿಮರು, ಮನೆಗೆಲಸದ ಹೆಂಗಸರು, ಶಾಲೆಗೆ ಹೋಗುವ ಮಕ್ಕಳು ಬೀದಿಗೆ ಬಿದ್ದರು. ಅವರಲ್ಲಿ ಎಷ್ಟೋ ಜನ ವರ್ಷಗಟ್ಟಲೆ ಅದೇ ಗೋಡೆಯ ಪಕ್ಕ ಟಾರ್ಪಾಲಿನ ಕೆಳಗೆ ಕಾದರು. ಇನ್ನು ಕೆಲವರನ್ನು ಸರ್ಜಾಪುರ ರಸ್ತೆಯಾಚೆಗೆ ಸಾಗಿಸಿದರು.

ಕೆಲಸ ಕೋರಮಂಗಲದಲ್ಲಿ, ಮನೆ ಊರಾಚೆ. ಬೆಳಿಗ್ಗೆ ಏಳಕ್ಕೆ ಪಾತ್ರೆ ತಿಕ್ಕಲು ಬರಬೇಕಾದ ತಾಯಿ ಯಾವ ಬಸ್ಸು ಹಿಡಿಯಬೇಕು? ಮಗಳ ಶಾಲೆ ಎಲ್ಲಿ? ತಜ್ಞರ ಲೆಕ್ಕದಲ್ಲಿ ಇದು 'ಪುನರ್ವಸತಿ'. ನಮ್ಮ ಲೆಕ್ಕದಲ್ಲಿ ಹೊಸ ಕೇರಿ. ಹಳ್ಳಿಯ ಕೇರಿ ಊರಿಂದ ಒಂದು ಕೂಗಿನ ದೂರ ಇತ್ತು, ಕೂಗಿದರೆ ಚಾಕರಿಗೆ ಓಡಿ ಬರಲಿ ಅಂತ. ನಗರದ ಕೇರಿ ಎರಡು ಬಸ್ಸಿನ ದೂರ. ಕೂಗುವ ಬಾಯಿ ಬದಲಾಗಿಲ್ಲ.

ಹಾಗಾದರೆ ನಗರ ಬೇಡವೆ?

ಕೆಲವು ಸಜ್ಜನರು ನಮಗೆ ಬುದ್ಧಿ ಹೇಳುತ್ತಾರೆ. ನಗರ ಬೆಳೆಯಬಾರದು, ಹಳ್ಳಿಗೆ ಮರಳಿ, ಅಲ್ಲಿ ಶಾಂತಿ ಇದೆ ಅಂತ. ಶಾಂತಿ ಯಾರಿಗೆ? ಹಳ್ಳಿ ಅನ್ನೋದು ಸಂಕುಚಿತ ಬುದ್ಧಿಯ, ಕೋಮುಭಾವನೆಯ ಗುಂಡಿ ಅಂತ ಬಾಬಾಸಾಹೇಬರು 1948ರಲ್ಲಿ ಸಂವಿಧಾನ ಸಭೆಯಲ್ಲೇ ಹೇಳಿದ್ದಾರೆ. ನಾವು ನಗರದ ವಿರೋಧಿಗಳಲ್ಲ. ನಗರ ಬೆಳೆಯಲಿ. ಬಸ್ಸಿನಲ್ಲಿ ಪಕ್ಕ ಕೂತವನ ಜಾತಿ ಗೊತ್ತಾಗದ ಒಂದು ಗಂಟೆಗೂ ಬೆಲೆ ಇದೆ, ಅದು ನಮಗೇ ಗೊತ್ತು.

ಆದರೆ ನಗರ ತಾನಾಗಿ ಜಾತಿ ಬಿಡುತ್ತದೆ ಅನ್ನೋದೂ ಭ್ರಮೆ. ಅಂಬೇಡ್ಕರರು ವಿದೇಶದಲ್ಲಿ ಓದಿ 1917ರಲ್ಲಿ ಬರೋಡಾಕ್ಕೆ ಕೆಲಸಕ್ಕೆ ಬಂದರು. ಊರಲ್ಲಿ ಒಬ್ಬರೂ ಜಾಗ ಕೊಡಲಿಲ್ಲ. ಪಾರ್ಸಿ ಛತ್ರವೊಂದರಲ್ಲಿ ಹೆಸರು ಬದಲಿಸಿಕೊಂಡು ತಂಗಿದರು. ಕೆಲವೇ ದಿನದಲ್ಲಿ ಕೋಲು ಹಿಡಿದ ಗುಂಪು ಬಂದು ಹೊರಗೆ ಹಾಕಿತು. ಅಷ್ಟು ದೊಡ್ಡ ಪದವಿ, ದೊಡ್ಡ ಹುದ್ದೆ, ಆದರೂ ಮಲಗಲು ಜಾಗ ಇಲ್ಲದೆ ಮರದ ಕೆಳಗೆ ಕೂತು ಅತ್ತರು. ನೂರು ವರ್ಷ ದಾಟಿತು. ಈಗ ಕೋಲಿಲ್ಲ, "ನೀವು ಯಾವ ಪೈಕಿ" ಇದೆ. "ನೀವು ವೆಜ್ಜಾ?" ಇದೆ. "ನಮ್ಮ ಕಡೆಯವರಿಗೆ ಮಾತ್ರ" ಇದೆ. ದೆಹಲಿ ಸುತ್ತಮುತ್ತ ಸುಖದೇವ ಥೋರಟ್ ಮತ್ತು ಸಂಗಡಿಗರು ಬಾಡಿಗೆ ಮನೆ ಕೇಳಿಸಿ ಪರೀಕ್ಷೆ ಮಾಡಿದಾಗಲೂ ದಲಿತರ, ಮುಸ್ಲಿಮರ ಹೆಸರು ಕೇಳಿದೊಡನೆ ಬಾಗಿಲು ಮುಚ್ಚುವುದು ಕಂಡುಬಂತು. ಹೀಗಿರುವಾಗ ಸುಮ್ಮನೆ ಇನ್ನೊಂದು ಲಕ್ಷ ಮನೆ ಕಟ್ಟಿದರೆ ಸಾಕೆ? ಬೀಗ ಅವರ ಕೈಲಿರುವ ತನಕ ಮನೆ ಹೆಚ್ಚಾದರೆ ಬೀಗ ಹೆಚ್ಚಾಗುತ್ತೆ, ಅಷ್ಟೆ.

ನಮ್ಮ ಬೆನ್ನನ್ನೂ ನೋಡಿಕೊಳ್ಳೋಣ

ಬೈಯುವುದು ಸುಲಭ. ನಮ್ಮೊಳಗಿನ ಹುಣ್ಣನ್ನೂ ತೋರಿಸಬೇಕು. ನಮ್ಮ ಹಾಸ್ಟೆಲುಗಳಲ್ಲೇ ಓದಿ, ನೌಕರಿ ಹಿಡಿದು, ಮೀಸಲಾತಿಯಲ್ಲೇ ಸೈಟು ಪಡೆದವರು ಇದ್ದಾರೆ. ಗೃಹಪ್ರವೇಶಕ್ಕೆ ಊರಿನ ಅವ್ವನನ್ನು ಕರೆಯಲು ನಾಚುತ್ತಾರೆ. ಗೋಡೆಯ ಮೇಲಿನ ಬಾಬಾಸಾಹೇಬರ ಪಟ ಒಳಕೋಣೆಗೆ ಹೋಗುತ್ತೆ. ಮಹಡಿ ಮೇಲೆ ಮನೆ ಕಟ್ಟಿ ಬಾಡಿಗೆಗೆ ಕೊಡುವಾಗ ನಮ್ಮ ಹುಡುಗರು ಕೇಳಿದರೆ "ಅಕ್ಕಪಕ್ಕದವರಿಗೆ ಗೊತ್ತಾಗುತ್ತೆ, ಬೇಡಪ್ಪ" ಅಂತಾರೆ. ಇದನ್ನು ಅವರ ಕೆಟ್ಟತನ ಅಂತ ಮಾತ್ರ ಅನ್ನಬೇಡಿ, ಅದು ಭಯ. ಆದರೆ ಭಯಕ್ಕೆ ಸೈಟು ಕೊಟ್ಟರೆ ಅದು ಮನೆ ಕಟ್ಟಿಕೊಂಡು ಅಲ್ಲೇ ಉಳಿದುಬಿಡುತ್ತೆ.

ಇನ್ನೂ ಒಂದು. ಊರಿನಲ್ಲಿ ತಾತನ ಜಮೀನು ಹೋದದ್ದು ಹೇಗೆ ಅಂತ ನಮ್ಮಲ್ಲಿ ಎಷ್ಟು ಜನ ವಿಚಾರಿಸಿದ್ದೇವೆ? ಬಿ.ಎ. ಆಯಿತು, ಎಂ.ಎ. ಆಯಿತು. ಮನೆಯ ಟ್ರಂಕಿನಲ್ಲಿರುವ ಸಾಗುವಳಿ ಚೀಟಿ ಓದಿದ್ದೇವೆಯೆ?

ಏನು ಕೇಳಬೇಕು, ಏನು ಮಾಡಬೇಕು

ನಾವು ಕೇಳುವುದು ಇಷ್ಟು:

1. ಸರಕಾರಿ ಭೂಮಿ ಒತ್ತುವರಿಯ ಪಟ್ಟಿ ವಾರ್ಡು ವಾರ್ಡಿನಲ್ಲಿ ಗೋಡೆಗೆ ಅಂಟಲಿ. ತೆರವು ದೊಡ್ಡವರಿಂದ ಶುರುವಾಗಲಿ. ಕೆರೆ, ಕಾಡು ಬಿಟ್ಟು ಉಳಿದ ನೆಲ ಮನೆಯಿಲ್ಲದವರಿಗೆ ಹೋಗಲಿ, ಹರಾಜಿಗಲ್ಲ.

2. ಸ್ಲಮ್ಮುಗಳಲ್ಲಿ ಇದ್ದಲ್ಲೇ ಹಕ್ಕುಪತ್ರ. ಅಪಾಯದ ಜಾಗ ಆಗಿದ್ದರೆ ಮಾತ್ರ ಸ್ಥಳಾಂತರ, ಅದೂ ಕೆಲಸಕ್ಕೆ ನಡೆದು ಹೋಗುವಷ್ಟು ಹತ್ತಿರ.

3. ಹೊಸ ಬಡಾವಣೆಗಳಲ್ಲಿ ಪರಿಶಿಷ್ಟರ ಸೈಟುಗಳು ಮೂಲೆಯಲ್ಲಿ ಒಂದೆಡೆ ಬೇಡ, ಪ್ರತಿ ರಸ್ತೆಯಲ್ಲೂ ಇರಲಿ. ಬೆಲೆ ಕೂಲಿಯವನು ಕಂತಿನಲ್ಲಿ ಕಟ್ಟುವಷ್ಟಿರಲಿ.

4. ಜಮೀನು ಸ್ವಾಧೀನವಾದ ಹಳ್ಳಿಯ ಪ್ರತಿ ಕೂಲಿ ಕುಟುಂಬಕ್ಕೂ ಆ ಬಡಾವಣೆಯಲ್ಲೇ ಸೈಟು.

5. ಖಾಲಿ ಸೈಟಿಗೆ, ಬೀಗ ಹಾಕಿದ ಎರಡನೇ ಮೂರನೇ ಮನೆಗೆ ವರ್ಷ ವರ್ಷ ಏರುವ ತೆರಿಗೆ.

6. ಜಾತಿ, ಧರ್ಮ ಕೇಳಿ ಬಾಡಿಗೆ ನಿರಾಕರಿಸುವುದು ಅಪರಾಧ ಅಂತ ಸ್ಪಷ್ಟವಾಗಿ ಬರೆದ ಕಾನೂನು. ಅದರ ಜತೆಗೆ ಸರಕಾರವೇ ಕಟ್ಟಿ ನಡೆಸುವ ಬಾಡಿಗೆ ಮನೆಗಳು ಮತ್ತು ಓದು ಮುಗಿಸಿ ಕೆಲಸ ಹುಡುಕುವವರಿಗೆ ವಸತಿಗೃಹಗಳು.

ಕೇಳಿದರೆ ಕೊಡುತ್ತಾರಾ ಅಂತ ಕೆಲವರು ನಗಬಹುದು. ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ ಹೋಬಳಿ ನೆನಪಿಸಿಕೊಳ್ಳಿ. 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆ ಅಂತ ನೋಟೀಸು ಕೊಟ್ಟರು. ಅದರಲ್ಲಿ ದಲಿತರ ತುಂಡು ಜಮೀನುಗಳೂ ಇದ್ದವು. 2022ರ ಏಪ್ರಿಲಿನಲ್ಲಿ ಕೂತ ಜನ ಮೂರು ವರ್ಷ ಏಳಲಿಲ್ಲ. ಲಾಠಿ ತಿಂದರು, ಕೇಸು ಹಾಕಿಸಿಕೊಂಡರು. 2025ರ ಜುಲೈ 15ರಂದು ಸರಕಾರ ಸ್ವಾಧೀನ ಕೈಬಿಡುತ್ತೇವೆ ಅಂದಿತು. ವಿಧಾನಸೌಧಕ್ಕೆ ಕಿವಿ ಇಲ್ಲ ಅನ್ನಬೇಡಿ. ಇದೆ, ಆದರೆ ಮೂರು ವರ್ಷ ಕೂಗಿದರೆ ಕೇಳುವಷ್ಟು ದೂರದಲ್ಲಿದೆ.

ಗೆಳೆಯರೆ, ಈ ರಜಕ್ಕೆ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಕೇರಿಯ ಹಿರಿಯರನ್ನು ಕೂರಿಸಿಕೊಂಡು ಯಾರಿಗೆ ಯಾವ ಕಾಲದಲ್ಲಿ ಎಷ್ಟು ಜಮೀನು ಮಂಜೂರಾಗಿತ್ತು ಅಂತ ಬರೆದುಕೊಳ್ಳಿ. ಟ್ರಂಕು ತೆಗೆಸಿ ಸಾಗುವಳಿ ಚೀಟಿ ನೋಡಿ. ತಾಲೂಕು ಕಚೇರಿಯಲ್ಲಿ ಪಹಣಿ ತೆಗೆಸಿ. ಈಗ ಯಾರ ಹೆಸರಲ್ಲಿದೆ, ಯಾವಾಗ ಬದಲಾಯಿತು ನೋಡಿ. ಅನುಮತಿಯಿಲ್ಲದೆ ಕೈ ಬದಲಾಗಿದ್ದರೆ ಪಿ.ಟಿ.ಸಿ.ಎಲ್. ಕಾಯ್ದೆಯ ಐದನೇ ಕಲಮಿನ ಪ್ರಕಾರ ಉಪವಿಭಾಗಾಧಿಕಾರಿಗೆ ಅರ್ಜಿ ಬರೆಯಿರಿ. ಬರೆಯಲು ವಕೀಲನೇ ಬೇಕಿಲ್ಲ, ನಿಮಗೆ ಅಕ್ಷರ ಬರುತ್ತೆ. ಅಕ್ಷರ ಕಲಿತದ್ದು ಇದಕ್ಕಲ್ಲದೆ ಇನ್ನು ಯಾವುದಕ್ಕೆ? ನಗರದಲ್ಲಿ ಉಳಿದವರು ಹತ್ತಿರದ ಸ್ಲಮ್ಮಿಗೆ ಹೋಗಿ. ಹಕ್ಕುಪತ್ರ ಇದೆಯೆ, ಇಲ್ಲವೆ, ಮನೆಮನೆ ಎಣಿಸಿ. ಅವರು ಎಣಿಸದ ತಲೆಗಳನ್ನು ನಾವೇ ಎಣಿಸೋಣ. ಮುಂದಿನ ಸಭೆಗೆ ಬರುವಾಗ ಆ ಪಟ್ಟಿ ಕೈಯಲ್ಲಿರಲಿ.

ತಜ್ಞರ ಗೆರೆ ಮೇಲಕ್ಕೆ ಹೋಗುತ್ತಲೇ ಇರುತ್ತೆ. ಆ ಗೆರೆಯೊಳಗೆ ನಮ್ಮನ್ನು ಯಾರೂ ಸೇರಿಸುವುದಿಲ್ಲ. ಹೆಸರು, ಸರ್ವೆ ನಂಬರು, ಎಕರೆ, ಗುಂಟೆ ಸಮೇತ ನಾವೇ ನಮ್ಮನ್ನು ಬರೆಯಬೇಕು. ನಾವು ಬೇಡಲು ಬಂದಿಲ್ಲ, ಲೆಕ್ಕ ಕೇಳಲು ಬಂದಿದ್ದೇವೆ.

ಓದಿ ಮಡಚಿಡಬೇಡಿ. ಪಕ್ಕದ ಕೋಣೆಗೆ ಕೊಡಿ.

ಜೈ ಭೀಮ್.